ವೀರಗಲ್ಲನ್ನು ಕೆಳಗಿನಿಂದ ಓದಿ

ಹೋರಾಡಿ ಸತ್ತವನ ನೆನಪಿಗೆ ನಿಲ್ಲಿಸಿದ ಕಲ್ಲು ವೀರಗಲ್ಲು. ಸೊರಬ, ಶಿಕಾರಿಪುರದ ಕಡೆಯವರಿಗೆ ಅದು ಹೊಸದೇನಲ್ಲ. ಕೆರೆ ಏರಿ ಮೇಲೋ ಗುಡಿ ಪಕ್ಕವೋ ಅರ್ಧ ಮಣ್ಣಲ್ಲಿ ಹೂತು ನಿಂತಿರುತ್ತದೆ. ಕೆಲವಕ್ಕೆ ಅರಿಸಿನ ಕುಂಕುಮ ಬೀಳುತ್ತದೆ, ಕೆಲವಕ್ಕೆ ದನ ಬಂದು ಮೈ ಉಜ್ಜಿ ಹೋಗುತ್ತದೆ. ಊರ ದನಕ್ಕಾಗಿ ಸತ್ತವನ ಕಲ್ಲಾದರೆ ಅವನೇನೂ ಬೇಜಾರು ಮಾಡಿಕೊಳ್ಳಲಿಕ್ಕಿಲ್ಲ ಬಿಡಿ.

ಹೊಸಬರು ಮೇಲಿನಿಂದ ನೋಡಲು ಶುರುಮಾಡುತ್ತಾರೆ. ನಾನೂ ಹಾಗೇ ಲಿಂಗ, ನಂದಿ ಕಂಡು ‘ಶೈವ ಶಿಲ್ಪ’ ಅಂತ ಬರೆದುಕೊಂಡು ಮನೆಗೆ ಬಂದಿದ್ದೆ. ಕತೆ ನಡೆಯುವುದು ಕೆಳಗಿನಿಂದ ಮೇಲಕ್ಕೆ. ಸಾಮಾನ್ಯವಾಗಿ ಮೂರು ಪಟ್ಟಿಕೆ ಇರುತ್ತವೆ. ಕೆಳಗೆ ಕಾಳಗ. ನಡುವೆ ಸತ್ತ ವೀರನನ್ನು ಅಪ್ಸರೆಯರು ಕರೆದೊಯ್ಯುತ್ತಾರೆ. ಮೇಲೆ ಅವನು ಲಿಂಗದ ಮುಂದೆ ಕೈಮುಗಿದು ಕೂತಿರುತ್ತಾನೆ. ಜೈನನಾದರೆ ಜಿನನ ಮುಂದೆ. ತುದಿಯಲ್ಲಿ ಸೂರ್ಯ, ಚಂದ್ರ.

ಯಾಕೆ ಸತ್ತ ಅನ್ನುವುದು ಕೆಳಗಿನ ಪಟ್ಟಿಕೆಯಲ್ಲಿದೆ. ಅಲ್ಲಿ ದನದ ಸಾಲು ಕಂಡರೆ ಅದು ತುರುಗೋಳ್. ತುರು ಅಂದರೆ ದನ, ಗೋಳ್ ಅಂದರೆ ಹಿಡಿಯುವುದು. ವಿರಾಟನ ದನ ಹಿಡಿದ ಕೌರವರನ್ನು, ಉತ್ತರಕುಮಾರನನ್ನು ನೆನೆಸಿಕೊಂಡರೆ ಈ ಪದ ಮರೆಯುವುದಿಲ್ಲ. ದನವೇ ಸಂಪತ್ತಾಗಿದ್ದ ಕಾಲ ಅದು. ಊರಿನ ಮೇಲೇ ದಾಳಿಯಾದರೆ ಊರಳಿವು. ಹೆಂಗಸರ ಮೇಲೆ ಕೈಮಾಡಿದಾಗ ನಡೆದ ಹೋರಾಟ ಪೆಣ್ಬುಯ್ಯಲ್. ಪುಯ್ಯಲ್ ಅಂದರೆ ಕೂಗು, ಮೊರೆ. ಪಟ್ಟಣದ ಯುದ್ಧ ಸ್ಮಾರಕ ದೇಶದ ಲೆಕ್ಕದ್ದು. ಇದು ಊರಿನವರು ತಮ್ಮೂರ ಉಳಿಸಿದವನಿಗೆ ನಿಲ್ಲಿಸಿದ್ದು.

ಬರಹ ಪಟ್ಟಿಕೆಗಳ ನಡುವಿನ ಅಡ್ಡಪಟ್ಟಿಯಲ್ಲಿರುತ್ತದೆ. ಮೊದಲು ಅರಸನ ಬಿರುದುಗಳು, ಸಾಲುಗಟ್ಟಲೆ. ಕಾಲ ಗೊತ್ತುಮಾಡಲು ಬೇಕು, ಆದರೆ ಅಲ್ಲೇ ನಿಲ್ಲಬೇಡಿ. ಕೊನೆಯಲ್ಲಿ ‘ತುಱುವಂ ಮಗುಳ್ಚಿ ಸುರಲೋಕಪ್ರಾಪ್ತನಾದಂ’ ಎಂಬಂಥ ಮಾತು ಸಿಗುತ್ತದೆ. ಮಗುಳ್ಚಿ ಅಂದರೆ ತಿರುಗಿಸಿ, ಬಿಡಿಸಿ ತಂದು. ಅಂದರೆ ದನ ಮನೆಗೆ ಬಂದವು, ಅವನು ಬರಲಿಲ್ಲ. ಸತ್ತವನ ಮನೆಯವರಿಗೆ ಕೊಟ್ಟ ಭೂಮಿ ನೆತ್ತರುಗೊಡಗೆ. ಬಾಳ್ಗಚ್ಚು ಇದಕ್ಕೆ ಹತ್ತಿರದ ದತ್ತಿ: ಬಾಳ್ ಅಂದರೆ ಕತ್ತಿ, ಕರ್ಚು ಅಂದರೆ ತೊಳೆಯುವುದು. ಈ ಪದ ಹಲ್ಮಿಡಿ ಶಾಸನದಲ್ಲೇ ಇದೆ.

ಮಾಸ್ತಿಗಲ್ಲಿನ ಜೊತೆ ಗೊಂದಲ ಬೇಡ. ಕಂಬದಿಂದ ಚಾಚಿದ, ಬಳೆ ತೊಟ್ಟ ಕೈ ಕಂಡರೆ ಅದು ಸಹಗಮನದ ಕಲ್ಲು.

ನಮ್ಮ ಮಳೆಗೆ ಕಲ್ಲೆಲ್ಲ ಪಾಚಿ. ತಂತಿ ಬ್ರಷ್ ಮುಟ್ಟಿಸಬೇಡಿ, ನೀರು ಮತ್ತು ಮೆತ್ತನೆ ಬ್ರಷ್ ಸಾಕು. ಮಧ್ಯಾಹ್ನದ ಬಿಸಿಲಲ್ಲಿ ಅಕ್ಷರ ಕಾಣುವುದಿಲ್ಲ. ಸಂಜೆ ಹೋಗಿ, ಟಾರ್ಚನ್ನು ಕಲ್ಲಿಗೆ ತಾಗುವಷ್ಟು ಓರೆಯಾಗಿ ಹಿಡಿಯಿರಿ. ನಾನು ಹಾಗೆ ಹಿಡಿದಾಗ ‘ತು’ ಎದ್ದಿತು, ಪಕ್ಕದ ಅಕ್ಷರ ಕಲ್ಲಿನ ಗಾಯ ಅಂದುಕೊಂಡೆ. ಅದು ಈಗ ನಾವು ಬರೆಯದ ‘ಱು’ ಆಗಿತ್ತು.

ಓದಿದ್ದನ್ನು ಸರಿನೋಡಲು ಶಾಸನಗಳ ಪಾಠವನ್ನು ತಾಲ್ಲೂಕುವಾರು ಅಚ್ಚುಹಾಕಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಿವೆ. ಬಿ.ಎಲ್. ರೈಸ್ 1902ರಲ್ಲಿ ತಂದ 7ನೇ ಸಂಪುಟದಲ್ಲಿ ಶಿಕಾರಿಪುರ, 1904ರ 8ನೇ ಸಂಪುಟದಲ್ಲಿ ಸೊರಬ. ಊರೂರು ಸುತ್ತಲಾಗದವರು ಶಿವಮೊಗ್ಗದ ಶಿವಪ್ಪ ನಾಯಕ ಅರಮನೆ ಅಂಗಳದಲ್ಲಿ ಜೋಡಿಸಿಟ್ಟ ಕಲ್ಲುಗಳಿಂದಲೇ ಶುರುಮಾಡಬಹುದು. ಆದರೆ ಅಲ್ಲಿ ಕಲ್ಲಿದೆ, ಅದರ ಕೆರೆ ಏರಿ ಇಲ್ಲ.