ಸ್ಟೇಜ್ ಮೇಲೆ ಕಣ್ಣೀರು, ಪ್ರಿಂಟಲ್ಲಿ ಗೇಲಿ

18ನೇ ಶತಮಾನದ ಲಂಡನ್ನಿನ ದುರಂತ ಪ್ರೇಮದ ನಾಟಕಗಳನ್ನ ಗೇಲಿ ಮಾಡಿದ ಪ್ರಿಂಟ್‌ಗಳನ್ನ, ಅಂದ್ರೆ ಕೆತ್ತಿ ಅಚ್ಚು ಹಾಕಿದ ಚಿತ್ರಗಳನ್ನ, ಇವತ್ತು ಒಟ್ಟಿಗೆ ಇಟ್ಕೊಂಡು ನೋಡಿದ್ರೆ ತಲೆ ಕೆಡತ್ತೆ, ಯಾಕಂದ್ರೆ ಒಂದರಲ್ಲಿ ಏಟು ಡೈಲಾಗಿಗೆ, ಇನ್ನೊಂದರಲ್ಲಿ ನಟಿಯ ದುಡ್ಡಿಗೆ, ಮತ್ತೊಂದರಲ್ಲಿ ಟಿಕೆಟ್ ತಗೊಂಡು ಬಂದು ಅಳ್ತಾ ಕೂತ ಜನಕ್ಕೆ. ಶುರುವಲ್ಲಿ ಹಿಂಗಿರ್ಲಿಲ್ಲ.

ಅಂತರ್ಯುದ್ಧದ ಕಾಲದಲ್ಲಿ ಮುಚ್ಚಿಸಿದ್ದ ಥಿಯೇಟರ್‌ಗಳು 1660ರಲ್ಲಿ ಮತ್ತೆ ಬಾಗಿಲು ತೆಗೆದ ಮೇಲೆ ಎಪ್ಪತ್ತು ವರ್ಷ ರಾಣಿಯರು, ರಾಜಕುಮಾರಿಯರು ಸ್ಟೇಜ್ ಮೇಲೆ ವಿಷ ಕುಡಿದಿದ್ದೇ ಕುಡಿದಿದ್ದು. 1730ರಲ್ಲಿ ಜೇಮ್ಸ್ ಥಾಮ್ಸನ್ ನಾಟಕ ‘ಸೋಫೋನಿಸ್ಬಾ’ ಬಂತು, ಅದರಲ್ಲೊಂದು ಸಾಲು: ‘ಓ ಸೋಫೋನಿಸ್ಬಾ, ಸೋಫೋನಿಸ್ಬಾ, ಓ!’ ಎರಡು ‘ಓ’ಗಳ ಮಧ್ಯೆ ಹೆಸರು ಬಿಟ್ರೆ ಏನೂ ಇಲ್ಲ. ಹೆನ್ರಿ ಫೀಲ್ಡಿಂಗ್ ಬಿಡ್ತಾನಾ? ಅವನ ‘ಟಾಮ್ ಥಂಬ್’ ನಾಟಕ 1731ರಲ್ಲಿ ‘ಟ್ರಾಜಿಡಿ ಆಫ್ ಟ್ರಾಜಿಡೀಸ್’ ಅಂತ ಬೆಳೆದು ಬಂದಾಗ ಆ ಸಾಲು ‘ಓ ಹಂಕಮಂಕಾ, ಹಂಕಮಂಕಾ, ಓ!’ ಆಗಿತ್ತು. ಹೀರೋ ಹೆಬ್ಬೆರಳಷ್ಟು, ಅವನಿಗೋಸ್ಕರ ರಾಜಕುಮಾರಿ ಹಂಕಮಂಕಾಗೂ ರಾಕ್ಷಸಿ ಸೈಜಿನ ಗ್ಲಮ್‌ಡಾಲ್ಕಾಗೂ ಜಗಳ, ಕೊನೆಗೆ ಹೀರೋನ ಒಂದು ಹಸು ನುಂಗಿಬಿಡತ್ತೆ, ಉಳಿದೋರೆಲ್ಲ ಒಬ್ಬರನ್ನೊಬ್ಬರು ಕೊಂದ್ಕೊಂಡು ಸಾಯ್ತಾರೆ. ಅಚ್ಚಾದ ಪುಸ್ತಕದಲ್ಲಿ ಪಂಡಿತರ ಥರ ಅಡಿಟಿಪ್ಪಣಿ ಬೇರೆ, ಎಲ್ಲಾ ತಮಾಷೆಗೆ.

ಆ ಪುಸ್ತಕದ ಮೊದಲ ಚಿತ್ರ ವಿಲಿಯಂ ಹೋಗಾರ್ತ್‌ದು. ಗ್ಲಮ್‌ಡಾಲ್ಕಾ ಕ್ಯಾಂಡಲ್ ಹಿಡಿದು ‘ಇವಳೇನು ಅಷ್ಟು ಚೆಂದಾನಾ’ ಅಂತ ರಾಜಕುಮಾರಿ ಮುಖ ಪರೀಕ್ಷೆ ಮಾಡ್ತಿರೋ ಸೀನು, ಹೀರೋ ಅಲ್ಲೇ ಚೋಟುದ್ದ ನಿಂತಿದಾನೆ. ನನ್ನ ಪ್ರಕಾರ ಈ ಇಡೀ ಗೇಲಿಯಲ್ಲಿ ಇದಕ್ಕಿಂತ ಒಳ್ಳೆಯದು ಆಮೇಲೆ ಬರಲೇ ಇಲ್ಲ, ಯಾಕಂದ್ರೆ ಇಲ್ಲಿ ನಗ್ತಿರೋದು ಬರವಣಿಗೆ ಮೇಲೆ, ಮನುಷ್ಯರ ಮೇಲಲ್ಲ.

ಆಮೇಲೆ ಎರಡು ಕಾನೂನು ಬಂದ್ವು. 1735ರದ್ದು ಚಿತ್ರ ಕೆತ್ತೋರಿಗೆ 14 ವರ್ಷದ ಕಾಪಿರೈಟ್ ಕೊಟ್ಟಿತು, 1737ರ ಲೈಸೆನ್ಸಿಂಗ್ ಆಕ್ಟ್ ಹೊಸ ನಾಟಕಗಳನ್ನೆಲ್ಲ ಮೊದಲೇ ಸರ್ಕಾರಕ್ಕೆ ತೋರಿಸಬೇಕು ಅಂತು. ಸ್ಟೇಜಿನ ಬಾಯಿಗೆ ಬೀಗ, ಚಿತ್ರ ಕೆತ್ತೋ ತಾಮ್ರದ ತಗಡಿಗೆ ಬೀಗ ಇಲ್ಲ. ಗೇಲಿ ಎಲ್ಲಿಗೆ ಹೋಗತ್ತೆ ಹೇಳಿ.

1750ರಲ್ಲಿ ಎರಡು ಥಿಯೇಟರ್ ಒಂದೇ ರಾತ್ರಿ ‘ರೋಮಿಯೋ ಜೂಲಿಯೆಟ್’ ಹಾಕಿ ಪೈಪೋಟಿಗೆ ಬಿದ್ದಾಗ ಜನ ಪ್ರೇಮಕಥೆ ಬಿಟ್ಟು ಯಾವ ರೋಮಿಯೋ ಮೇಲು ಅಂತ ಮಾತಾಡ್ತಿದ್ರು. 1782ರ ಅಕ್ಟೋಬರ್‌ನಲ್ಲಿ ನಟಿ ಸಾರಾ ಸಿಡನ್ಸ್ ಲಂಡನ್ನಿನ ಡ್ರೂರಿ ಲೇನ್ ಥಿಯೇಟರಿಗೆ ವಾಪಸ್ ಬಂದಿದ್ದು ಇಸಬೆಲ್ಲಾ ಪಾತ್ರದಲ್ಲಿ: ಗಂಡ ಸತ್ತ ಅಂತ ಇನ್ನೊಂದು ಮದುವೆ ಆಗ್ತಾಳೆ, ಮೊದಲನೇ ಗಂಡ ಬಂದು ಬಾಗಿಲಲ್ಲಿ ನಿಲ್ತಾನೆ. ನೋಡಿದೋರು ಮೂರ್ಛೆ ಹೋಗೋದೇ ಸುದ್ದಿ ಆಯ್ತು. ಎರಡು ವರ್ಷಕ್ಕೆ ಚಿತ್ರಕಾರ ಜೋಶುವಾ ರೆನಾಲ್ಡ್ಸ್ ಅವಳನ್ನ ದುರಂತದ ದೇವತೆ ಅಂತ ಚಿತ್ರ ಬರೆದ, ಅದೇ 1784ರ ಡಿಸೆಂಬರಲ್ಲಿ ಬಂದ ವ್ಯಂಗ್ಯಚಿತ್ರಕಾರ ಗಿಲ್ರೇ ಪ್ರಿಂಟಲ್ಲಿ ಅದೇ ದೇವತೆ ದುಡ್ಡಿನ ಚೀಲಕ್ಕೆ ಕೈ ಚಾಚಿದಾಳೆ. ಗಂಡಸು ನಟರೂ ಕಾಸಿಲ್ಲದೆ ಕುಣೀತಿರ್ಲಿಲ್ಲ ಅನ್ನೋದು ಬೇರೆ ಮಾತು.

1789ರ ಹೊತ್ತಿಗೆ ಇನ್ನೊಬ್ಬ ವ್ಯಂಗ್ಯಚಿತ್ರಕಾರ ರೋಲಾಂಡ್ಸನ್ ‘ಟ್ರಾಜಿಡಿ ಸ್ಪೆಕ್ಟೇಟರ್ಸ್’ (ದುರಂತ ನಾಟಕ ನೋಡೋರು) ಅನ್ನೋ ಚಿತ್ರ ಬರೆದಾಗ ಗೇಲಿ ನಾಟಕ ಬಿಟ್ಟು ನೋಡೋರ ಮೇಲೆ ತಿರುಗಿತ್ತು, ಆ ಪ್ರಿಂಟ್ ಕೊಂಡೋರಲ್ಲೂ ಹಿಂದಿನ ರಾತ್ರಿ ಅತ್ತು ಬಂದೋರು ಇದ್ದೇ ಇರ್ತಾರೆ ಬಿಡಿ.