ಧೈರ್ಯ ತಂದುಕೊಂಡರೆ ಉಗ್ಗು ಹೋಗುತ್ತಾ?

ಪ್ರಶ್ನೆ: ನನಗೆ 34 ವರ್ಷ. ಚಿಕ್ಕಂದಿನಿಂದ ಉಗ್ಗು ಇದೆ. ಹೆದರಿಕೆ ಬಿಟ್ಟರೆ ತಾನೇ ಸರಿಹೋಗುತ್ತೆ ಅಂತಾರೆ. ನಿಜವೇ?

ಇಲ್ಲ. ಇದಕ್ಕೆ ಎಷ್ಟು ಸಲ ಉತ್ತರ ಹೇಳಿದ್ದೇನೋ ಲೆಕ್ಕವಿಲ್ಲ. ಆದರೂ ಮತ್ತೆ ಹೇಳುತ್ತೇನೆ. ಈ ಒಂದು ಮಾತು ಕೇಳಿ ಕೇಳಿ ಕುಗ್ಗಿದವರನ್ನು ಬಹಳ ಜನ ನೋಡಿದ್ದೇನೆ.

ಉಗ್ಗು ಸಾಮಾನ್ಯವಾಗಿ ಶುರುವಾಗುವುದು 2ರಿಂದ 5 ವರ್ಷದೊಳಗೆ, ಮಗು ಪದಕ್ಕೆ ಪದ ಜೋಡಿಸುವ ಹೊತ್ತಿನಲ್ಲಿ. ಆ ವಯಸ್ಸಿಗೆ ಯಾವ ಸಭೆಯ ಭಯ, ಯಾವ ಇಂಟರ್‌ವ್ಯೂ ಭಯ? ಉಸಿರು, ಗಂಟಲು, ನಾಲಿಗೆ, ತುಟಿ ಇಷ್ಟನ್ನೂ ಕ್ಷಣ ತಪ್ಪದೆ ಹೊಂದಿಸುವುದು ಮೆದುಳಿನ ಕೆಲಸ. ಆ ಹೊಂದಿಕೆ ಅಲ್ಲಲ್ಲಿ ತಪ್ಪುತ್ತದೆ, ಅಷ್ಟೆ. ಮನೆತನದಲ್ಲಿ ಹರಿದು ಬರುವುದೂ ಉಂಟು. ಪಾಕಿಸ್ತಾನದ ಕುಟುಂಬಗಳಿಂದ ಶುರುವಾದ ಸಂಶೋಧನೆಯಲ್ಲಿ, ಉಗ್ಗಿಗೆ ನಂಟಿರುವ ಮೂರು ಜೀನ್‌ಗಳು 2010ರಲ್ಲಿ ಪತ್ತೆಯಾದವು. ಹೆಚ್ಚಿನ ಮಕ್ಕಳಲ್ಲಿ ಉಗ್ಗು ತಾನಾಗಿಯೇ ಹೋಗುತ್ತದೆ. ದೊಡ್ಡವರಲ್ಲಿ ಸುಮಾರು ನೂರಕ್ಕೆ ಒಬ್ಬರಲ್ಲಿ ಉಳಿಯುತ್ತದೆ, ಅವರಲ್ಲಿ ಗಂಡಸರೇ ಜಾಸ್ತಿ.

ಹಾಗಾದರೆ ಹೆದರಿಕೆ ಎಲ್ಲಿಂದ ಬಂತು? ಉಗ್ಗಿನ ಬೆನ್ನಿಗೇ ಬಂತು. ಹಾಜರಿ ಕೂಗಿದಾಗ ‘ಪ್ರೆಸೆಂಟ್’ ಹೊರಡದೆ, ಇಡೀ ಕ್ಲಾಸು ನಕ್ಕರೆ, ಮರುದಿನ ಆ ಹುಡುಗ ಹೆದರದೆ ಇರುತ್ತಾನಾ? ಹೆದರಿದಾಗ ಉಗ್ಗು ಹೆಚ್ಚುವುದು ನಿಜ. ಆದರೆ ಬೇರು ಅದಲ್ಲ.

ನನ್ನ ಬಳಿ ಥೆರಪಿಗೆ ಬರುತ್ತಿದ್ದ ಒಬ್ಬರು ದರ್ಶಿನಿಯಲ್ಲಿ ವರ್ಷಗಟ್ಟಲೆ ಇಡ್ಲಿಯನ್ನೇ ಕೇಳುತ್ತಿದ್ದರು. ಇಷ್ಟವಿದ್ದದ್ದು ಮಸಾಲೆ ದೋಸೆ. ‘ಮ’ ಎನ್ನಲು ಮುಚ್ಚಿದ ತುಟಿ ತೆರೆಯುತ್ತಿರಲಿಲ್ಲ, ಹಿಂದೆ ಕ್ಯೂ ಬೆಳೆಯುತ್ತಿತ್ತು. ಹೀಗೆ ಪದ ಬದಲಿಸಿ ಪಾರಾಗುವವರು ಬಹಳ. ಹೆಸರನ್ನು ಮಾತ್ರ ಬದಲಿಸಲಾಗುವುದಿಲ್ಲ. ಎಷ್ಟೋ ಜನರಿಗೆ ಅದೇ ಎಲ್ಲಕ್ಕಿಂತ ಕಷ್ಟದ ಪದ. ಆದರೂ ದಿನಾ ಫೋನ್ ಎತ್ತುತ್ತಾರೆ, ಹೆಸರು ಹೇಳುತ್ತಾರೆ. ಅವರಿಗೆ ಧೈರ್ಯ ಸಾಲದು ಎನ್ನುವುದು ಅನ್ಯಾಯ.

ನಾಲಿಗೆ ದಪ್ಪ, ಬಜೆ ತೇಯ್ದು ಹಚ್ಚಿ ಅನ್ನುವವರಿಗೂ ಒಂದು ಮಾತು. ಅದೇ ನಾಲಿಗೆ ಭಜನೆಯಲ್ಲಿ ಎಲ್ಲರ ಜೊತೆ ಸಲೀಸಾಗಿ ಹೊರಳುತ್ತೆ ಅಲ್ವಾ?

34 ತಡವೇನಲ್ಲ. ಸ್ಪೀಚ್ ಥೆರಪಿಯಲ್ಲಿ ಅಕ್ಷರವನ್ನು ಮೆಲ್ಲಗೆ ಎತ್ತಿಕೊಳ್ಳುವುದು, ತಡೆದಾಗ ಒತ್ತದೆ ಬಿಡಿಸಿಕೊಳ್ಳುವುದು, ತಪ್ಪಿಸಿಕೊಳ್ಳುತ್ತಿದ್ದ ಪದಗಳನ್ನೇ ಹೇಳುವುದು ಕಲಿಸುತ್ತಾರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಇದೇ ಕ್ಷೇತ್ರದಲ್ಲಿದೆ. ಹತ್ತೇ ದಿನದಲ್ಲಿ ಗ್ಯಾರಂಟಿ ಎನ್ನುವವರಿಗೆ ದುಡ್ಡು ಕೊಡಬೇಡಿ.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಯಾವತ್ತೂ ಉಗ್ಗದವರು ದೊಡ್ಡವರಾದ ಮೇಲೆ ಇದ್ದಕ್ಕಿದ್ದಂತೆ ಉಗ್ಗತೊಡಗಿದರೆ ಅದು ಬೇರೆಯೇ ವಿಷಯ. ತಲೆಗೆ ಪೆಟ್ಟು, ಪಾರ್ಕಿನ್ಸನ್, ಕೆಲವು ಮಾತ್ರೆಗಳು ಕಾರಣವಾಗಿರಬಹುದು. ಪಾರ್ಶ್ವವಾಯುವೂ ಆಗಿರಬಹುದು. ಜೊತೆಗೆ ಬಾಯಿ ಸೊಟ್ಟಗಾಗಿದ್ದರೆ ಅಥವಾ ಕೈ ಮೇಲೇಳದಿದ್ದರೆ, ಬೆಳಗಾಗಲಿ ಅಂತ ಕಾಯಬೇಡಿ. ಆ ಕ್ಷಣವೇ 108ಕ್ಕೆ ಕರೆ ಮಾಡಿ.