ಹನ್ನೊಂದು ಸೆಕೆಂಡ್ ಯಾಕೆ ತಡ ಮಾಡಿದ?

“ಸರ, ಅಂವ ಹನ್ನೊಂದ ಸೆಕೆಂಡ್ ಸುಮ್ಮನ ಕುಂತಾನ್ರಿ. ಹೆದರ್ಯಾನ ಅನಿಸ್ತು. ಕಾಲ್ ಮಾಡಿಬಿಟ್ಟೆ.”

ಉದ್ಯಮಬಾಗದಲ್ಲಿ ಲೇತ್ ವರ್ಕ್‌ಶಾಪ್ ನಡೆಸುವ ಶಿಷ್ಯರೊಬ್ಬರು ಭಾನುವಾರದ ಕ್ಲಾಸಿಗೆ ಬಂದು ಕೂರುವ ಮೊದಲೇ ಹೇಳಿದ ಮಾತಿದು. ನನಗಿಂತ ಹಿರಿಯರು. ನಾನು ಕಾಕಾ ಅಂತ ಕರೆಯುತ್ತೇನೆ, ಅವರು ನನ್ನನ್ನು ಸರ ಅಂತಾರೆ. ಕಾಲ್ ಅಂದರೆ ಪೋಕರ್ ಆಟದಲ್ಲಿ ಎದುರಾಳಿ ಹಾಕಿದಷ್ಟೇ ಚಿಪ್ಸ್ (ಆಟದ ಬಿಲ್ಲೆ) ತಾವೂ ಹಾಕುವುದು. ಆ ಒಂದೇ ಕೈಯಲ್ಲಿ, ಅಂದರೆ ಒಂದೇ ಸುತ್ತಿನ ಆಟದಲ್ಲಿ, ಅವರ 1,900 ಚಿಪ್ಸ್ ಹೋಗಿತ್ತು.

ನಾನು ಬೆಳಗಾವಿಯ ಟಿಳಕವಾಡಿಯಲ್ಲಿ ಪೋಕರ್ ಎಂಬ ಇಸ್ಪೀಟು ಆಟ ಕಲಿಸುತ್ತೇನೆ. ಆಡುವುದು ಫೋನಿನ ಆಪ್‌ನಲ್ಲಿ. ಮೊದಲೇ ಒಂದು ವಿಷಯ ಸ್ಪಷ್ಟವಾಗಿರಲಿ. 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸು ಮಾಡಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಜಾಣ್ಮೆಯ ಆಟವೋ ಅದೃಷ್ಟದ ಆಟವೋ ಅನ್ನುವ ಭೇದ ಅದರಲ್ಲಿ ಇಲ್ಲ. ನಮ್ಮ ಮೇಜಿನಲ್ಲಿ ಒಂದು ಪೈಸೆಯೂ ಓಡಾಡುವುದಿಲ್ಲ. ಒಬ್ಬೊಬ್ಬರಿಗೂ ತಿಂಗಳಿಗೆ 5,000 ಚಿಪ್ಸ್, ಅಷ್ಟೇ. ಖಾಲಿಯಾದರೆ ಮುಂದಿನ ಒಂದನೇ ತಾರೀಖಿನ ತನಕ ಬೇರೆಯವರ ಆಟ ನೋಡುತ್ತಾ ಕೂರಬೇಕು. ಈ ನಿಯಮ ಯಾಕೆ ಬೇಕಾಯಿತು ಅಂತ ಆಮೇಲೆ ಹೇಳುತ್ತೇನೆ.

ಈ ಆಟದಲ್ಲಿ ಒಬ್ಬೊಬ್ಬರಿಗೂ ಎರಡು ಗುಟ್ಟಿನ ಎಲೆ, ಮೇಜಿನ ನಡುವೆ ಎಲ್ಲರಿಗೂ ಸೇರಿದ ಐದು ಎಲೆ. ಕಾಕಾ ಅವರ ಕೈ ಹೀಗಿತ್ತು. ಆರು ಜನರ ಮೇಜು, ಬ್ಲೈಂಡ್ (ಎಲೆ ನೋಡುವ ಮೊದಲೇ ಇಬ್ಬರು ಹಾಕಲೇಬೇಕಾದ ಚಿಪ್ಸ್) 50 ಮತ್ತು 100. ಕಾಕಾ ಬಿಗ್ ಬ್ಲೈಂಡ್‌ನಲ್ಲಿದ್ದರು, ಅಂದರೆ 100 ಹಾಕುವ ಜಾಗದಲ್ಲಿ. ಅವರ ಹತ್ತಿರ ಚೌಕಟ್ ರಾಜ, ಇಸ್ಪೀಟ್ ರಾಣಿ. ಎದುರಾಳಿ 300ಕ್ಕೆ ಏರಿಸಿದ, ಇವರು ಕಾಲ್ ಮಾಡಿದರು, ಉಳಿದವರು ಎಲೆ ಬಿಟ್ಟರು. ಪಾಟ್, ಅಂದರೆ ನಡುವೆ ಸೇರಿದ ಒಟ್ಟು ಚಿಪ್ಸ್, 650 ಆಯಿತು. ಫ್ಲಾಪಿನಲ್ಲಿ (ನಡುವಿನ ಮೊದಲ ಮೂರು ಎಲೆ) ಬದಾಮ್ ರಾಜ, ಬದಾಮ್ 8, ಕಿಲಾವರ್ 4 ಬಿದ್ದವು. ನಮ್ಮ ಕಡೆ ಆಟೀನಿಗೆ ಬದಾಮ್ ಅಂತಾರೆ. ಕಾಕಾ ಚೆಕ್ ಮಾಡಿದರು, ಅಂದರೆ ಏನೂ ಹಾಕದೆ ಸರದಿ ದಾಟಿಸಿದರು. ಎದುರಾಳಿ ಎರಡೇ ಸೆಕೆಂಡಿನಲ್ಲಿ 200 ಹಾಕಿದ. ಕಾಕಾ ಕಾಲ್. ಟರ್ನ್‌ನಲ್ಲಿ (ನಾಲ್ಕನೇ ಎಲೆ) ಚೌಕಟ್ 2 ಬಂತು. ಕಾಕಾ ಚೆಕ್, ಅವನೂ ತಟ್ಟನೆ ಚೆಕ್. ರಿವರ್‌ನಲ್ಲಿ (ಐದನೇ, ಕೊನೆಯ ಎಲೆ) ಬದಾಮ್ ಗುಲಾಮ. ಕಾಕಾ ಮತ್ತೆ ಚೆಕ್ ಮಾಡಿದರು. ಆಗ ಪಾಟಿನಲ್ಲಿದ್ದದ್ದು 1,050. ಎದುರಾಳಿ 11 ಸೆಕೆಂಡ್ ಸುಮ್ಮನಿದ್ದು 1,400 ಹಾಕಿದ.

ಕಾಕಾ ಕಾಲ್ ಮಾಡಿದರು. ಅವನು ತೋರಿಸಿದ್ದು ಬದಾಮ್ ಎಕ್ಕ ಮತ್ತು ಬದಾಮ್ 6. ಫ್ಲಶ್, ಅಂದರೆ ಒಂದೇ ಗುರುತಿನ ಐದು ಎಲೆ. ಕಾಕಾ ಹತ್ತಿರ ಇದ್ದದ್ದು ರಾಜನ ಜೋಡಿ ಮಾತ್ರ.

ದೀಪಾವಳಿಯಲ್ಲಿ ಮನೆಮಂದಿಯೆಲ್ಲ ಚಾಪೆ ಹಾಸಿ ಇಸ್ಪೀಟು ಆಡುವಾಗ ಮುಖ ಕಾಣುತ್ತೆ. ಒಳ್ಳೆ ಎಲೆ ಬಂದಾಗ ಮಾವ ಯಾಕೆ ದಿಢೀರ್ ಮಾತು ನಿಲ್ಲಿಸುತ್ತಾನೆ ಅಂತ ಮನೆಯ ಮಕ್ಕಳಿಗೂ ಗೊತ್ತಿರುತ್ತೆ. ಫೋನಿನ ಪರದೆಯಲ್ಲಿ ಮಾವ ಇಲ್ಲ. ಉಳಿಯುವುದು ಎರಡೇ: ಎಷ್ಟು ಹೊತ್ತು ತೆಗೆದುಕೊಂಡ, ಎಷ್ಟು ಚಿಪ್ಸ್ ಹಾಕಿದ. ಹಾಗಾಗಿ ಹೊಸಬರು ಈ ಎರಡರ ಮೇಲೆ ಇಡೀ ಕಥೆ ಕಟ್ಟುತ್ತಾರೆ. ಆ ಕಥೆ ಬಹಳ ಸಲ ಅವರದ್ದೇ ಆಗಿರುತ್ತೆ. ಕಾಕಾಗೆ ಹೆದರಿಕೆ ಆದಾಗ ಅವರು ತಡ ಮಾಡುತ್ತಾರೆ. ಅದಕ್ಕೆ ಬೇರೆಯವರು ತಡ ಮಾಡಿದರೂ ಹೆದರಿದ್ದಾರೆ ಅಂದುಕೊಂಡರು. ಅವರು ಓದಿದ್ದು ಎದುರಾಳಿಯನ್ನಲ್ಲ, ತಮ್ಮನ್ನೇ.

ನಾನು ಅವರನ್ನು ಕೇಳಿದೆ. “ಕಾಕಾ, ಲೇತ್ ಕೆಡಾಕ ಹತ್ತೇದ ಅಂತ ನಿಮಗ ಹೆಂಗ ಗೊತ್ತಾಗ್ತದ?”

“ಸಪ್ಪಳ ಬದಲಾಗ್ತದಲ್ರಿ.”

“ಮಷಿನ್ ಹೊಸಾದಿದ್ರ?”

“ಆವಾಗ ಗೊತ್ತಾಗಂಗಿಲ್ಲ. ಒಂದೆರಡ ವಾರ ಓಡಬೇಕು. ಅದರ ಸಪ್ಪಳ ಕಿವಿಗೆ ಕುಂದ್ರಬೇಕು.”

ನಾನು ಒಂದು ಗಂಟೆ ಪಾಠ ಮಾಡಿ ಹೇಳಬೇಕಿದ್ದನ್ನು ಅವರೇ ಎರಡು ಮಾತಿನಲ್ಲಿ ಹೇಳಿದರು. ಬರೀ ತಡಕ್ಕೆ ಅರ್ಥ ಇಲ್ಲ. ಆ ವ್ಯಕ್ತಿಯ ರೂಢಿ ಏನು, ಅದರಿಂದ ಈ ಸಲ ಎಷ್ಟು ಸರಿದಿದ್ದಾನೆ, ಅದಕ್ಕೆ ಮಾತ್ರ ಅರ್ಥ.

ಆಮೇಲೆ ಇಬ್ಬರೂ ಕೂತು ಆ ತಿಂಗಳ ಹ್ಯಾಂಡ್ ಹಿಸ್ಟರಿ (ಆಡಿದ ಕೈಗಳ ದಾಖಲೆ) ತೆಗೆದೆವು. ಆ ಎದುರಾಳಿ ಅಲ್ಲಿಯ ತನಕ ರಿವರ್‌ನಲ್ಲಿ ಒಂಬತ್ತು ಸಲ ಬೆಟ್ ಮಾಡಿದ್ದ. ಏಳು ಸಲ ಮೂರು ಸೆಕೆಂಡಿನ ಒಳಗೆ, ಸುಮಾರು ಅರ್ಧ ಪಾಟ್. ಇನ್ನೆರಡು ಸಲ ಮಾತ್ರ ಎಂಟು ಸೆಕೆಂಡ್ ದಾಟಿತ್ತು, ಆ ಎರಡರಲ್ಲೂ ಪಾಟಿಗಿಂತ ಜಾಸ್ತಿ ಹಾಕಿದ್ದ. ಒಂದರಲ್ಲಿ ಎಲೆ ತೋರಿಸಬೇಕಾಗಿ ಬಂದಿತ್ತು, ಫ್ಲಶ್‌ಗಿಂತಲೂ ಬಲವಾದ ಫುಲ್ ಹೌಸ್ ಇತ್ತು. ಅಂದರೆ ಈತ ತಡ ಮಾಡುವುದು ಹಾಕಲೋ ಬೇಡವೋ ಅಂತಲ್ಲ, ಎಷ್ಟು ಹಾಕಿದರೆ ಎದುರಿನವರು ಕೊಡುತ್ತಾರೆ ಅಂತ. ಟರ್ನ್‌ನಲ್ಲಿ ತಟ್ಟನೆ ಮಾಡಿದ ಚೆಕ್ ಕೂಡ ಈಗ ಬೇರೆ ಥರ ಕಾಣುತ್ತೆ. ಇನ್ನೊಂದು ಎಲೆ ಪುಕ್ಕಟೆ ಸಿಕ್ಕರೆ ಸಾಕು ಅಂತ ಅವನು ಮೊದಲೇ ತೀರ್ಮಾನ ಮಾಡಿಕೊಂಡಿದ್ದ.

ಒಂದು ಸಲ ಕಂಡದ್ದು ಪುರಾವೆ ಆಗುತ್ತಾ? ಪೂರ್ತಿ ಆಗಲ್ಲ. ಆದರೆ ಕಾಕಾ ಅವರ ಅನಿಸಿಕೆಗೆ ಅಷ್ಟೂ ಆಧಾರ ಇರಲಿಲ್ಲ. ಲೆಕ್ಕವನ್ನೂ ಪಕ್ಕದಲ್ಲಿಡಿ. 1,400 ಕೊಟ್ಟು ಒಟ್ಟು 3,850ರ ಪಾಟಿಗೆ ಕೈ ಹಾಕುವಾಗ, ನೂರರಲ್ಲಿ 36 ಸಲವಾದರೂ ನಾವು ಗೆಲ್ಲಬೇಕು. ಇಲ್ಲದಿದ್ದರೆ ಆ ಕಾಲ್ ನಷ್ಟ. ಮೂರು ಬದಾಮ್ ಬಿದ್ದಿರುವ ಬೋರ್ಡಿನಲ್ಲಿ, ಎಂದೂ ದೊಡ್ಡದಾಗಿ ಬ್ಲಫ್ ಮಾಡಿ (ಎಲೆ ಇಲ್ಲದೆ ಹೆದರಿಸಲು ಹಾಕಿ) ಸಿಕ್ಕಿಬೀಳದ ಮನುಷ್ಯ ಅಷ್ಟು ಹಾಕಿದಾಗ, ಬರೀ ರಾಜನ ಜೋಡಿಗೆ 36 ಸಿಗುವುದು ಕಷ್ಟ.

ಸಮಯದ ಬಗ್ಗೆ ನನ್ನ ಅನುಭವದಲ್ಲಿ ತಕ್ಕಮಟ್ಟಿಗೆ ನಿಲ್ಲುವ ಒಂದು ಸುಳಿವು ಇದೆ. ಅದು ತಟ್ಟನೆ ಬರುವ ಕಾಲ್. ಬೆಟ್ ಬಿದ್ದ ಕ್ಷಣವೇ ಕಾಲ್ ಮಾಡಿದವನು ಏರಿಸುವ ಯೋಚನೆಯನ್ನೂ ಮಾಡಿಲ್ಲ, ಬಿಡುವ ಯೋಚನೆಯನ್ನೂ ಮಾಡಿಲ್ಲ. ತುಂಬಾ ಬಲವಾದ ಎಲೆ ಇದ್ದವನು ಏರಿಸೋಣವಾ ಅಂತ ಒಂದು ಕ್ಷಣವಾದರೂ ನಿಲ್ಲುತ್ತಾನೆ. ಹಾಗಾಗಿ ಆ ಕೈ ಬಹಳ ಸಲ ನಡುವಿನದ್ದು: ಸಾಧಾರಣ ಜೋಡಿ, ಇಲ್ಲಾ ಫ್ಲಶ್‌ಗೆ ಒಂದು ಎಲೆ ಕಡಿಮೆ ಇರುವಂಥದ್ದು. ಫ್ಲಾಪಿನಲ್ಲಿ ಹಾಗೆ ಒಂದು ಎಲೆ ಕಾಯುವವನಿಗೆ ರಿವರ್ ಹೊತ್ತಿಗೆ ಅದು ಸಿಗುವ ಅವಕಾಶ ನೂರಕ್ಕೆ 35.

ಆದರೆ ಮಳೆಗಾಲದಲ್ಲಿ ನಾನು ಸಮಯದ ಸುಳಿವಿಗೆ ಅರ್ಧ ಬೆಲೆಯೂ ಕೊಡುವುದಿಲ್ಲ. ಬೆಳಗಾವಿಯ ಜುಲೈ ನಿಮಗೆ ಗೊತ್ತಲ್ವಾ. ಕರೆಂಟ್ ಹೋಗುತ್ತೆ, ವೈಫೈ ಆರುತ್ತೆ, ಫೋನು ಡೇಟಾ ಹುಡುಕುತ್ತೆ. ಒಮ್ಮೆ ಹುಡುಗಿಯೊಬ್ಬಳು ಇಪ್ಪತ್ತು ಸೆಕೆಂಡ್ ತಡ ಮಾಡಿದಳು ಅಂತ ಎದುರಿನ ಹುಡುಗ ಬ್ಲಫ್ ಅಂದುಕೊಂಡು ಎಲ್ಲ ಚಿಪ್ಸ್ ತಳ್ಳಿದ. ಅವಳು ಟೆರೇಸಿನಲ್ಲಿ ಒಣಹಾಕಿದ್ದ ಬಟ್ಟೆ ತೆಗೆಯಲು ಓಡಿದ್ದಳು. ಅವಳ ಹತ್ತಿರ ಎಕ್ಕದ ಜೋಡಿ ಇತ್ತು. ಎಕ್ಕದ ಜೋಡಿ ಬರುವುದು 221 ಕೈಗಳಿಗೆ ಒಂದು ಸಲ. ಆ ಒಂದು ಸಲವೇ ಮಳೆ ಬಂದಿತ್ತು.

ಸಮಯಕ್ಕಿಂತ ಬೆಟ್ಟಿನ ಅಳತೆಯನ್ನು ನಾನು ಹೆಚ್ಚು ನಂಬುತ್ತೇನೆ. ನೆಟ್ ಕೈಕೊಟ್ಟರೂ 300 ಅನ್ನುವುದು 900 ಆಗಲ್ಲ. ಕಲಿಯುವವರು ತಮ್ಮ ಎಲೆಯ ಬಲವನ್ನು ಅಳತೆಯಲ್ಲೇ ಬರೆದು ತೋರಿಸುತ್ತಾರೆ: 1,000 ಪಾಟಿಗೆ 100 ಹಾಕಿದರೆ ಕಡಿಮೆ ಬೆಲೆಗೆ ಮುಂದಿನ ಎಲೆ ನೋಡುವ ಆಸೆ, 700 ಹಾಕಿದರೆ ಎಲೆ ಇದೆ. ಅನುಭವಿಗಳು ಒಂದೇ ಅಳತೆ ಹಿಡಿದಿರುತ್ತಾರೆ, ಬಲ ಇದ್ದರೂ ಇಲ್ಲದಿದ್ದರೂ. ಅಂಥವರ ಅಳತೆ ಬಾಯಿ ಬಿಡುವುದಿಲ್ಲ.

ಮೂರನೆಯದು, ಎಣಿಕೆ. ಇದು ನಿಧಾನ, ಬೇಸರದ ಕೆಲಸ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಟ್ಟಿ ಇದೇ. ನೂರು ಕೈಗಳಲ್ಲಿ ಒಬ್ಬ ಎಷ್ಟು ಸಲ ತಾನಾಗಿಯೇ ಚಿಪ್ಸ್ ಹಾಕಿ ಆಟಕ್ಕೆ ಇಳಿಯುತ್ತಾನೆ, ಅದರಲ್ಲಿ ಎಷ್ಟು ಸಲ ಏರಿಸಿ ಇಳಿಯುತ್ತಾನೆ, ಈ ಎರಡು ಅಂಕಿ ಬರೆದುಕೊಳ್ಳಿ. ಮೊದಲನೆಯದಕ್ಕೆ ಆಟಗಾರರು ವಿಪಿಪ್ ಅಂತಾರೆ, ಎರಡನೆಯದಕ್ಕೆ ಪಿಎಫ್‌ಆರ್. 45 ಮತ್ತು 8 ಇರುವವನು ಎಲ್ಲದಕ್ಕೂ ಕಾಲ್ ಮಾಡುವವನು. ಅವನ ಮುಂದೆ ಬ್ಲಫ್ ಮಾಡಬೇಡಿ, ಒಳ್ಳೆ ಎಲೆ ಬಂದಾಗ ದೊಡ್ಡದಾಗಿ ಹಾಕಿ. ಅಂಥವನು ಒಂದು ದಿನ ಏರಿಸಿದರೆ ನಿಮ್ಮ ಜೋಡಿಯನ್ನು ಸುಮ್ನೆ ಕೆಳಗಿಡಿ. 14 ಮತ್ತು 12 ಇರುವವನು ಆರಿಸಿ ಆಡುವವನು. ಅವನು ಬಿಡುವುದೂ ಜಾಸ್ತಿ.

ಇಲ್ಲೂ ಅವಸರ ಬೇಡ. ನಿಜವಾಗಿ ವಿಪಿಪ್ 25 ಇರುವವನು ಮೊದಲ 20 ಕೈಗಳಲ್ಲಿ 10 ಅಂತಲೂ ಕಾಣಬಹುದು, 40 ಅಂತಲೂ ಕಾಣಬಹುದು. ಎಲೆ ಬೀಳುವ ಆಟದಲ್ಲಿ ಅದು ಸಹಜ. ನೂರು ಕೈ ಆಗುವ ತನಕ ನನ್ನ ಶಿಷ್ಯರಿಗೆ ಯಾರ ಮೇಲೂ ಹಣೆಪಟ್ಟಿ ಹಚ್ಚಲು ಬಿಡುವುದಿಲ್ಲ.

ಎದುರಾಳಿಯನ್ನು ಗಮನಿಸುವುದರಲ್ಲಿ ಎಷ್ಟು ಸತ್ವ ಇದೆ ಅನ್ನುವುದಕ್ಕೆ ಕ್ಲಾಸಿನಲ್ಲಿ ಅನೆಟ್ಟೆ ಓಬ್ರೆಸ್ಟಾಡ್ ಅವರ ಮಾತು ಬಂದೇ ಬರುತ್ತೆ. ನಾರ್ವೆಯ ಹುಡುಗಿ. 2007ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ, 180 ಜನರ ಒಂದು ಆನ್‌ಲೈನ್ ಟೂರ್ನಿಯನ್ನು ತನ್ನ ಎಲೆ ಮುಚ್ಚಿಟ್ಟು ಆಡಿ ಗೆದ್ದಳು. ಇಡೀ ಟೂರ್ನಿಯಲ್ಲಿ ಒಂದೇ ಒಂದು ಸಲ ಎಲೆ ನೋಡಿದ್ದಾಗಿ ಹೇಳಿದ್ದಾಳೆ. ಉಳಿದದ್ದೆಲ್ಲ ತಾನು ಕೂತ ಜಾಗ ಮತ್ತು ಬೇರೆಯವರ ನಡೆ ನೋಡಿ ಮಾಡಿದ್ದು. ಅದೇ ವರ್ಷ ಲಂಡನ್ನಿನಲ್ಲಿ ವರ್ಲ್ಡ್ ಸೀರೀಸ್ ಆಫ್ ಪೋಕರ್ ಯುರೋಪಿನ ಮುಖ್ಯ ಟೂರ್ನಿಯನ್ನೂ ಗೆದ್ದಳು. ಮರುದಿನ ಅವಳಿಗೆ ಹತ್ತೊಂಬತ್ತು ತುಂಬಿತು.

ಇದನ್ನು ಕೇಳಿದ ಹುಡುಗರ ಕಣ್ಣು ಅರಳುತ್ತೆ. ಆಗ ಇನ್ನೊಂದು ಮಗ್ಗುಲನ್ನೂ ತೋರಿಸಬೇಕಾಗುತ್ತೆ. 2019ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ಮತ್ತು ಫೇಸ್‌ಬುಕ್ ಸೇರಿ ಮಾಡಿದ ಪ್ಲುರಿಬಸ್ ಎಂಬ ಪ್ರೋಗ್ರಾಂ ಆರು ಜನರ ಮೇಜಿನಲ್ಲಿ ಐವರು ನುರಿತ ಆಟಗಾರರ ಎದುರು 10,000 ಕೈ ಆಡಿ ಗೆದ್ದಿತು. ಅದು ಯಾರ ಸ್ವಭಾವವನ್ನೂ ಓದಲಿಲ್ಲ, ಯಾರಿಗೂ ತಕ್ಕಂತೆ ಆಟ ಬದಲಿಸಲಿಲ್ಲ. ತನ್ನ ಆಟವನ್ನು ಸರಿಯಾಗಿ ಆಡಿತು, ಅಷ್ಟೇ. ಅದಕ್ಕೇ ನಾನು ಮೊದಲ ಮೂರು ತಿಂಗಳು ಎದುರಾಳಿಯ ಮಾತೇ ಎತ್ತುವುದಿಲ್ಲ. ಯಾವ ಜಾಗದಿಂದ ಯಾವ ಎಲೆ ಆಡಬೇಕು, ಪಾಟಿನ ಲೆಕ್ಕ ಹೇಗೆ, ಇದು ಮೊದಲು. ಎರಡೆಲೆ 1,326 ಬಗೆಯಲ್ಲಿ ಬರಬಹುದು. ಎದುರಾಳಿಯ ಪ್ರತಿ ನಡೆಯೂ ಅದರಲ್ಲಿ ಒಂದಿಷ್ಟನ್ನು ಹೊಡೆದುಹಾಕುತ್ತೆ. ಸರಿಯಾದ ಆಟ ಗೊತ್ತಿಲ್ಲದಿದ್ದರೆ ಯಾವುದನ್ನು ಹೊಡೆದುಹಾಕಬೇಕು ಅಂತ ಹೇಗೆ ತಿಳಿಯುತ್ತೆ?

ತಿಂಗಳಿಗೆ 5,000 ಚಿಪ್ಸಿನ ನಿಯಮಕ್ಕೆ ಬರುತ್ತೇನೆ. ಪುಕ್ಕಟೆ ಚಿಪ್ಸ್ ಆಪ್‌ಗಳಲ್ಲಿ ಖಾಲಿಯಾದರೆ ಮತ್ತೆ ತುಂಬಿಕೊಡುತ್ತಾರೆ. ಕಳೆದುಕೊಳ್ಳುವ ಭಯ ಇಲ್ಲದ ಕಡೆ ಎಲ್ಲರೂ ಎಲ್ಲದಕ್ಕೂ ಕಾಲ್ ಮಾಡುತ್ತಾರೆ, ಬ್ಲಫ್‌ಗೆ ಯಾರೂ ಎಲೆ ಬಿಡುವುದಿಲ್ಲ. ಅಲ್ಲಿ ಓದಲು ಏನೂ ಇರಲ್ಲ. ಚಿಪ್ಸ್ ಮುಗಿದರೆ ಆಟವೇ ಇಲ್ಲ ಅಂದಾಗ ಜನ ಯೋಚನೆ ಮಾಡಿ ಹಾಕುತ್ತಾರೆ. ಯೋಚನೆ ಶುರುವಾದ ಮೇಲೆಯೇ ಅವರ ರೂಢಿ ಕಾಣತೊಡಗುವುದು. ಈ ಬದಲಾವಣೆ ನಮ್ಮ ಮೇಜಿನಲ್ಲಿ ಒಂದೇ ವಾರದಲ್ಲಿ ಬಂತು. ದುಡ್ಡಿಲ್ಲದೆ ಈ ಆಟ ಸಪ್ಪೆ ಅನ್ನುವವರಿಗೆ ನಾನು ಅದನ್ನೇ ತೋರಿಸುತ್ತೇನೆ.

ಇನ್ನು ನಿಮ್ಮನ್ನೂ ಯಾರೋ ಓದುತ್ತಿರುತ್ತಾರೆ. ಎಲೆ ಹೇಗೇ ಇರಲಿ, ಪ್ರತಿ ತೀರ್ಮಾನಕ್ಕೂ ಮನಸ್ಸಿನಲ್ಲಿ ಐದು ಎಣಿಸಿ ಆಮೇಲೆ ಒತ್ತಿ. ದೊಡ್ಡ ಪಾಟ್ ಸೋತ ಮೇಲಿನ ಹತ್ತು ಕೈಗಳಲ್ಲಿ ಇದು ಇನ್ನೂ ಮುಖ್ಯ. ಆಗ ಎಂಥ ನಿಧಾನಸ್ಥರೂ ಬೇಗ ಬೇಗ ಒತ್ತುತ್ತಾರೆ, ಅಳತೆ ದೊಡ್ಡದಾಗುತ್ತೆ, ಬಿಡಬೇಕಾದ ಎಲೆಯನ್ನು ಆಡುತ್ತಾರೆ. ಎದುರಿನವರು ಅದಕ್ಕೇ ಕಾಯುತ್ತಿರುತ್ತಾರೆ. ಐದು ಎಣಿಸಲು ಆಗುತ್ತಿಲ್ಲ ಅಂದರೆ ಆಪ್ ಮುಚ್ಚಿ ಒಂದು ಚಹಾ ಕುಡಿದು ಬನ್ನಿ.

ಕಾಕಾ ಈಗ ವರ್ಕ್‌ಶಾಪಿನ ಬಿಲ್ ಪುಸ್ತಕದಂಥ ಒಂದು ಉದ್ದ ವಹಿ ಇಟ್ಟಿದ್ದಾರೆ. ಒಬ್ಬೊಬ್ಬ ಆಟಗಾರನಿಗೂ ಒಂದು ಹಾಳೆ. ಮೇಲೆ ಎರಡು ಅಂಕಿ, ಕೆಳಗೆ ಎಲೆ ತೋರಿಸಿದ ಕೈಗಳು ಮಾತ್ರ. ಕಣ್ಣಿಗೆ ಕಾಣದ ಕೈ ಬಗ್ಗೆ ಒಂದಕ್ಷರ ಬರೆಯುವುದಿಲ್ಲ. ಆ 11 ಸೆಕೆಂಡಿನವನ ಹಾಳೆಯಲ್ಲಿ ಹೋದ ಭಾನುವಾರ ಹೀಗಿತ್ತು: “ತಡಾ ಮಾಡಿ ದೊಡ್ಡದ ಹಾಕಿದ್ರ ಎಲಿ ಅದ. ಎರಡ ಸಲ ಕಂಡೇನಿ. ಮೂರನೇದಕ್ಕ ಕಾಯೂದು.”